ಆ ರಸ್ತೆಗಳು ಯಾಕೆ ಅಷ್ಟು ಖಾಲಿ?

ಜುಲೈ ಬಂದರೆ ಸಾಕು, ಟೂರ್ ದ ಫ್ರಾನ್ಸ್ ನೋಡೋಕೆ ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಲ್ಯಾಪ್‌ಟಾಪ್ ಸುತ್ತ ನಾಲ್ಕೈದು ಜನ ಸೇರ್ತೀವಿ. ಈ ಲೇಖನ ರೇಸ್ ಬಗ್ಗೆ ಅಲ್ಲ. ಹೆಲಿಕಾಪ್ಟರ್ ಕ್ಯಾಮೆರಾ ಆಗಾಗ ಸೈಕಲ್ ಗುಂಪನ್ನು ಬಿಟ್ಟು ಪಕ್ಕಕ್ಕೆ ಹೊರಳುತ್ತಲ್ಲ, ಆಗ ಕಾಣುವ ಸಣ್ಣ ರಸ್ತೆಗಳ ಬಗ್ಗೆ. ಸೂರ್ಯಕಾಂತಿ ಹೊಲದ ನಡುವೆ ಒಂದು ಕಾರು ಹಿಡಿಯುವಷ್ಟು ಅಗಲದ ಡಾಂಬರು, ಅದರ ತುದಿಯಲ್ಲಿ ಹತ್ತಿಪ್ಪತ್ತು ಮನೆ, ಒಂದು ಚರ್ಚಿನ ಗೋಪುರ. ವಾಹನ ಒಂದೂ ಇಲ್ಲ. ರೇಸ್‌ಗೆ ಅಂತ ಬಂದ್ ಮಾಡಿದ ರಸ್ತೆ ಅದಲ್ಲ. ವರ್ಷದ ಬಹುಪಾಲು ದಿನ ಅದು ಇರೋದೇ ಹಾಗೆ.

ನೋಡಿದವರೆಲ್ಲ "ಎಂಥಾ ಪ್ರಕೃತಿ ಗುರು!" ಅಂತಾರೆ. ನಮಗೆ ಇದರ ಬಗ್ಗೆ ಸ್ವಲ್ಪ ತಕರಾರಿದೆ. ಆ ನಿಶ್ಶಬ್ದದಲ್ಲಿ ಪ್ರಕೃತಿಯ ಪಾಲು ಕಡಿಮೆ. ಅರ್ಧ ಇಂಜಿನಿಯರುಗಳು ಕಟ್ಟಿದ್ದು, ಇನ್ನರ್ಧ ಊರು ಬಿಟ್ಟು ಹೋದವರು ಹಿಂದೆ ಬಿಟ್ಟು ಹೋದದ್ದು. ನಾವ್ಯಾರೂ ಇನ್ನೂ ಫ್ರಾನ್ಸ್ ನೋಡಿಲ್ಲ. ಮ್ಯಾಪ್, ಸ್ಟ್ರೀಟ್ ವ್ಯೂ, ಓದು, ಇಷ್ಟೇ ನಮ್ಮ ಬಂಡವಾಳ. ಆದರೂ ಈ ಮಾತನ್ನು ಧೈರ್ಯವಾಗಿ ಹೇಳ್ತೀವಿ.

ಮೊದಲು ಇಂಜಿನಿಯರಿಂಗ್. ಫ್ರಾನ್ಸಿನಲ್ಲಿ ರಸ್ತೆಗಳಿಗೆ ಅಕ್ಷರಗಳಿವೆ. 'ಎ' ಅಂದರೆ ಎಕ್ಸ್‌ಪ್ರೆಸ್‌ವೇ, 'ಎನ್' ರಾಷ್ಟ್ರೀಯ ರಸ್ತೆ, 'ಡಿ' ಜಿಲ್ಲಾ ರಸ್ತೆ. ಅದರ ಕೆಳಗೆ ಊರಿನವರೇ ನೋಡಿಕೊಳ್ಳುವ ರಸ್ತೆಗಳು. ಊರು ಅಂದರೆ ಕೊಮ್ಯೂನ್. ದೇಶದಲ್ಲಿ ಅಂಥವು ಸುಮಾರು 35,000 ಇವೆ, ನೂರು ಜನ ಇದ್ದರೂ ಅದಕ್ಕೊಬ್ಬ ಮೇಯರ್. ಒಟ್ಟು ರಸ್ತೆ ಸುಮಾರು 11 ಲಕ್ಷ ಕಿ.ಮೀ. ಅದರಲ್ಲಿ ಎಕ್ಸ್‌ಪ್ರೆಸ್‌ವೇ ಹೆಚ್ಚೆಂದರೆ 12,000 ಕಿ.ಮೀ. ಲಾರಿ, ದೂರದ ಕಾರು ಎಲ್ಲ ಆ ಸಣ್ಣ ಪಾಲಿಗೆ ಹೋಗಿ ಸೇರುತ್ತವೆ. ಉಳಿದ ಲಕ್ಷಾಂತರ ಕಿಲೋಮೀಟರ್ ಟ್ರ್ಯಾಕ್ಟರಿಗೆ, ಅಂಚೆ ವ್ಯಾನಿಗೆ, ಸೈಕಲ್ಲಿಗೆ.

ಅಲ್ಲಿನ ಸೈಕಲ್ ಸವಾರರು ರೂಟ್ ಹುಡುಕೋದು ಹೇಗೆ ಗೊತ್ತಾ? ಮಿಶೆಲಿನ್ ಮ್ಯಾಪಿನಲ್ಲಿ ದೊಡ್ಡ ರಸ್ತೆ ಕೆಂಪು, ಮಧ್ಯಮ ಹಳದಿ, ತೀರಾ ಸಣ್ಣದು ಬಿಳಿ. ನೋಡಲು ಚೆಂದ ಇರೋ ರಸ್ತೆಯ ಪಕ್ಕ ಹಸಿರು ಗೆರೆ ಎಳೆದಿರ್ತಾರೆ. ಏರು ಇದ್ದರೆ ಬಾಣದ ಗುರುತು: ಒಂದು ಬಾಣ ಶೇ. 5ರಿಂದ 9, ಎರಡಾದರೆ 13ರವರೆಗೆ, ಮೂರಾದರೆ ಅದಕ್ಕೂ ಮೇಲೆ, ಅಂದರೆ ಇಳಿದು ತಳ್ಳಿ. ಬಿಳಿ ರಸ್ತೆಗಳನ್ನು ಒಂದಕ್ಕೊಂದು ಜೋಡಿಸಿಕೊಂಡು ಹೋದರೆ ಇಡೀ ದಿನದಲ್ಲಿ ಎದುರಾಗುವ ಕಾರುಗಳನ್ನು ಬೆರಳಲ್ಲಿ ಎಣಿಸಬಹುದಂತೆ. ಆ್ಯಪ್ ಈ ಕೆಲಸ ಮಾಡುತ್ತೆ ನಿಜ, ಆದರೆ ಒಂದು ಬಣ್ಣದಲ್ಲಿ ಇಷ್ಟು ಹೇಳುವ ಮ್ಯಾಪ್ ನಮಗೆ ಹೆಚ್ಚು ಇಷ್ಟ.

ಈ ಬಿಳಿ ರಸ್ತೆಗಳು ತಾವಾಗೇ ಹುಟ್ಟಲಿಲ್ಲ. ಹೈವೇ ಇಂಜಿನಿಯರಿಂಗ್ ಪುಸ್ತಕದ ಮೊದಲ ಅಧ್ಯಾಯದಲ್ಲಿ ಟ್ರೆಸಾಗೆ ಅಂತ ಒಬ್ಬರು ಬರ್ತಾರೆ. ನಮ್ಮ ಸಿವಿಲ್ ಸೀನಿಯರ್‌ಗಳ ಬಾಯಲ್ಲಿ ಅವರು "ಟ್ರೆಸಾಗ್ವೆಟ್". ರೋಮನ್ನರ ಮಾರುದಪ್ಪದ ರಸ್ತೆಗಿಂತ ತೆಳ್ಳಗೆ, ಪದರ ಪದರವಾಗಿ ಕಲ್ಲು ಕೂರಿಸಿ, ನೀರು ಹರಿದುಹೋಗುವ ಹಾಗೆ ಕಟ್ಟಬಹುದು ಅಂತ 18ನೇ ಶತಮಾನದಲ್ಲಿ ತೋರಿಸಿದವರು. ಎರಡು ಮಾರ್ಕಿನ ಪ್ರಶ್ನೆಗೆ ಇಷ್ಟು ಸಾಕು. ಅವರು ಕೆಲಸ ಮಾಡಿದ್ದು ಲಿಮೋಜ್ ಪ್ರಾಂತ್ಯದಲ್ಲಿ, ಅಂದರೆ ಇವತ್ತು ಸೈಕಲ್ ಸವಾರರು ಹೊಗಳುವ ಸೀಮೆಯಲ್ಲೇ. ಅವರ ಇನ್ನೊಂದು ಮಾತು ನಮಗೆ ಹೆಚ್ಚು ಮುಖ್ಯ ಅನ್ನಿಸುತ್ತೆ: ವರ್ಷಕ್ಕೊಂದೆರಡು ಸಲ ಜನರನ್ನು ಬಿಟ್ಟಿ ಚಾಕರಿಗೆ ಎಳೆದು ತಂದು ರಿಪೇರಿ ಮಾಡಿಸೋದಲ್ಲ, ಇಡೀ ವರ್ಷ ಯಾರೋ ನೋಡಿಕೊಳ್ಳುತ್ತಲೇ ಇರಬೇಕು. ಮುಂದೆ ಒಂದೊಂದು ತುಂಡು ರಸ್ತೆಗೆ ಒಬ್ಬೊಬ್ಬ ಕೆಲಸಗಾರ ಅನ್ನೋ ಪದ್ಧತಿ ದೇಶಕ್ಕೆಲ್ಲ ಹಬ್ಬಿತು. 1836ರ ಕಾಯಿದೆ ಹಳ್ಳಿ ಹಳ್ಳಿಯನ್ನು ಜೋಡಿಸುವ ದಾರಿಗಳನ್ನು ಕೊಮ್ಯೂನ್‌ಗಳ ಹೊಣೆಗೆ ಹಾಕಿತು. ಊರಿನವರಿಂದ ವರ್ಷಕ್ಕೆ ಮೂರು ದಿನದವರೆಗೆ ದುಡಿಮೆ ಕೇಳಬಹುದಿತ್ತು, ಬದಲಿಗೆ ಹಣ ಕಟ್ಟಿದರೂ ಆಗ್ತಿತ್ತು. ಇವತ್ತು ಸೈಕಲ್ ಓಡಿಸೋದು ಆ ಮೂರು ಮೂರು ದಿನಗಳ ಮೇಲೆ.

ಮೆಕ್ಯಾನಿಕಲ್‌ನವರು ಬೇಜಾರು ಮಾಡ್ಕೋಬೇಡಿ, ನಿಮ್ಮ ಪಾಲೂ ಇದೆ. ಗುಡ್ಡಗಾಡಿನ ದಾರಿಗಳು ಸಾಮಾನ್ಯರಿಗೆ ದಕ್ಕಿದ್ದು ಗೇರ್ ಬದಲಿಸುವ ಸೈಕಲ್ ಬಂದ ಮೇಲೆ. ಸಾಂತ್ ಎತಿಯೆನ್ ಊರಿನ ಪೋಲ್ ದ ವಿವಿ, 'ವೆಲೋಸಿಯೊ' ಅಂತಲೇ ಪ್ರಸಿದ್ಧರು, ತಮ್ಮ ಪತ್ರಿಕೆಯಲ್ಲಿ ದಶಕಗಟ್ಟಲೆ ಗೇರ್ ಪರವಾಗಿ ಬರೆದರು. ಟೂರ್ ದ ಫ್ರಾನ್ಸ್‌ನವರು ಡಿರೇಲರ್‌ಗೆ ಒಪ್ಪಿಗೆ ಕೊಟ್ಟಿದ್ದು 1937ರಲ್ಲಿ, ಅವರು ತೀರಿಕೊಂಡು ಏಳು ವರ್ಷವಾದ ಮೇಲೆ.

ಇನ್ನು ಉಳಿದರ್ಧ. ಕ್ರೂಜ್ ಅನ್ನೋ ಜಿಲ್ಲೆ ತಗೊಳ್ಳಿ. ಲಿಮೋಜ್‌ನ ಪಕ್ಕದ್ದೇ. ಜಿಲ್ಲಾಕೇಂದ್ರದ ಹೆಸರು ಗೆರೆ (ಹೌದು, ನಮ್ಮ ಗೆರೆಯ ಹಾಗೇ ಉಚ್ಚಾರ). ಕಂದು ಬಣ್ಣದ ಲಿಮೂಸಿನ್ ಹಸುಗಳು, ಬೇಲಿ ಸಾಲು, ಓಕ್ ಮರ, ಏರಿಳಿಯುವ ಡಿ ರಸ್ತೆಗಳು. 1851ರಲ್ಲಿ ಅಲ್ಲಿ ಸುಮಾರು 2,87,000 ಜನ ಇದ್ದರು. ಈಗ 1,15,000ದ ಆಸುಪಾಸು. ಚದರ ಕಿಲೋಮೀಟರಿಗೆ 20 ಜನ ಚಿಲ್ಲರೆ. ಕ್ರೂಜ್‌ನ ಗಾರೆ ಕೆಲಸದವರು ಪ್ರತಿ ವಸಂತದಲ್ಲಿ ಪ್ಯಾರಿಸ್‌ಗೆ ನಡೆದೇ ಹೋಗ್ತಿದ್ದರು, ಆ ನಗರವನ್ನು ಕಟ್ಟಿದ್ದರಲ್ಲಿ ಅವರ ಕೈ ದೊಡ್ಡದು. ಮೊದಲು ಚಳಿಗಾಲಕ್ಕೆ ವಾಪಸ್ ಬರ್ತಿದ್ದರು. ಆಮೇಲೆ ಬರೋದು ನಿಲ್ಲಿಸಿದರು. ಉಳಿದವರಲ್ಲಿ ಎಷ್ಟೋ ಗಂಡಸರನ್ನು ಮೊದಲ ಮಹಾಯುದ್ಧ ತಿಂದುಹಾಕಿತು. ಅಲ್ಲಿನ ಹೆಚ್ಚುಕಮ್ಮಿ ಪ್ರತಿ ಊರಲ್ಲೂ ಸತ್ತವರ ಹೆಸರು ಕೆತ್ತಿದ ಸ್ಮಾರಕ ಇದೆ. ಜೊಂತ್ಯು ಅನ್ನೋ ಹಳ್ಳಿಯ ಸ್ಮಾರಕದಲ್ಲಿ ವೀರಯೋಧ ಇಲ್ಲ. ಶಾಲೆಯ ಅಂಗಿ ತೊಟ್ಟ ತಬ್ಬಲಿ ಹುಡುಗ ಮುಷ್ಟಿ ಬಿಗಿದು ನಿಂತಿದ್ದಾನೆ, ಕೆಳಗೆ ಯುದ್ಧಕ್ಕೆ ಶಾಪ ಹಾಕುವ ಒಂದು ಸಾಲು.

ಲೆಕ್ಕ ಸರಳ. ಸುಮಾರು ಮೂರು ಲಕ್ಷ ಜನರ ಓಡಾಟಕ್ಕೆ ಬೆಳೆದ ರಸ್ತೆಜಾಲದಲ್ಲಿ ಈಗ ಒಂದು ಲಕ್ಷ ಜನ ಓಡಾಡ್ತಾರೆ. ನಾವು 'ಕ್ವಾಯಟ್ ರೂಟ್' ಅನ್ನೋದು ಇದಕ್ಕೆ.

ನಮ್ಮ ಗುಂಪಿನಲ್ಲಿ ಮಲೆನಾಡಿನ ಹುಡುಗಿ ಒಬ್ಬಳಿದ್ದಾಳೆ. ಸ್ಟ್ರೀಟ್ ವ್ಯೂನಲ್ಲಿ ನಾವು ಗ್ರೇಡಿಯಂಟ್ ನೋಡ್ತಿದ್ದರೆ ಅವಳು ಕಿಟಕಿ ಮುಚ್ಚಿದ ಮನೆಗಳನ್ನು ಎಣಿಸ್ತಾಳೆ. ಅಜ್ಜ ಅಜ್ಜಿ ಮಾತ್ರ ಉಳಿದಿರೋ ಮನೆ ಹೇಗಿರುತ್ತೆ ಅಂತ ಅವಳಿಗೆ ಗೊತ್ತು. "ಖಾಲಿ ಊರು ನೋಡೋಕೆ ಟಿಕೆಟ್ ತಗೊಂಡು ಹೋಗ್ತೀರಾ?" ಅಂತ ಅವಳು ಕೇಳಿದ ಮೇಲೆಯೇ ಈ ಲೇಖನ ಬರೆಯಬೇಕು ಅನ್ನಿಸಿದ್ದು.

ಅವಳ ಪ್ರಶ್ನೆ ಅಲ್ಲಿ ರಾಜಕೀಯವಾಗಿಯೂ ಸಿಡಿದಿದೆ. 2018ರ ಜುಲೈ 1ರಿಂದ ಮಧ್ಯೆ ಡಿವೈಡರ್ ಇಲ್ಲದ ರಸ್ತೆಗಳಲ್ಲಿ ವೇಗದ ಮಿತಿಯನ್ನು 90ರಿಂದ 80ಕ್ಕೆ ಇಳಿಸಿದರು. ಸೈಕಲ್‌ನವರಿಗೆ ಖುಷಿ. ಆಸ್ಪತ್ರೆಗೆ, ಕೆಲಸಕ್ಕೆ ದಿನಾ ನಲವತ್ತು ಕಿ.ಮೀ. ಕಾರಿನಲ್ಲೇ ಹೋಗಬೇಕಾದ ಹಳ್ಳಿಯವರಿಗೆ ಸಿಟ್ಟು. ಮೇಲೆ ಇಂಧನ ತೆರಿಗೆ ಬೇರೆ. ನವೆಂಬರ್‌ನಲ್ಲಿ ಹಳದಿ ಅಂಗಿಯವರ ಚಳವಳಿ ಶುರುವಾಯ್ತು. ಆ ಹಳದಿ ಅಂಗಿ ಯಾವುದು ಅಂದ್ಕೊಂಡ್ರಿ? ಪ್ರತಿ ಕಾರಿನಲ್ಲೂ ಕಾನೂನು ಪ್ರಕಾರ ಇಟ್ಟಿರಬೇಕಾದ್ದು. ರಾತ್ರಿ ಊರ ಹೊರಗೆ ಸೈಕಲ್ ಹೊಡೆಯುವವರೂ ಅಂಥದ್ದನ್ನೇ ಹಾಕಬೇಕು. ಮುಂದಿನ ವರ್ಷ ಕಾಯಿದೆ ಸಡಿಲಿಸಿದರು, ಹಲವು ಜಿಲ್ಲೆಗಳು ಕೆಲವು ರಸ್ತೆಗಳಲ್ಲಿ 90ಕ್ಕೆ ಮರಳಿದವು. ನಮಗೆ ಮನಸ್ಸು ಪೂರ್ತಿ ಒಂದು ಕಡೆ ವಾಲ್ತಿಲ್ಲ. 80 ಇರಬೇಕಿತ್ತು ಅನ್ನಿಸುತ್ತೆ, ಜೊತೆಗೆ ಹಳ್ಳಿಗೆ ಬಸ್ಸೂ ಬರಬೇಕಿತ್ತು. ಬಸ್ ಕೊಡದೆ ನಿಧಾನವಾಗಿ ಹೋಗಿ ಅಂದರೆ ಯಾರು ಕೇಳ್ತಾರೆ?

ಹಳೇ ರೈಲು ದಾರಿಗಳನ್ನು ಸೈಕಲ್ ಪಥ ಮಾಡಿದ್ದಾರಲ್ಲ ಅಂತ ಕೇಳಬಹುದು. ಹೌದು, ಬರ್ಗಂಡಿಯಲ್ಲಿ ಜಿವ್ರಿಯಿಂದ ಕ್ಲೂನಿವರೆಗಿನ ಮೊದಲ ಹಸಿರು ಪಥ 1997ರದ್ದು. ಏರು ಕಡಿಮೆ, ಕಾರಿಲ್ಲ, ಮಕ್ಕಳಿಗೆ ಬಹಳ ಒಳ್ಳೇದು. ಆದರೆ ಅಲ್ಲಿ ಸೈಕಲ್ ಬಿಟ್ಟರೆ ಬೇರೆ ಬದುಕು ಕಡಿಮೆ. ಡಿ ರಸ್ತೆಯಲ್ಲಿ ಹಾಲಿನ ಲಾರಿ ಬರುತ್ತೆ, ಶಾಲೆ ವ್ಯಾನ್ ಬರುತ್ತೆ, ಊರ ಹೊರಗೆ ನಿಮ್ಮನ್ನು ಹಿಂದೆ ಹಾಕುವಾಗ ಕಾನೂನು ಹೇಳುವ ಒಂದೂವರೆ ಮೀಟರ್ ಜಾಗ ಬಿಟ್ಟು ಹೋಗಬೇಕು. ನಮ್ಮ ಓಟು ಡಿ ರಸ್ತೆಗೆ.

ಹಾಗಾದರೆ ನಮ್ಮ ಅಭಿಪ್ರಾಯ ಏನು? ಟ್ರಾಫಿಕ್ ಕೌಂಟ್ ಒಂದನ್ನೇ ನೋಡಿದರೆ ಕ್ರೂಜ್‌ನ ಎಷ್ಟೋ ರಸ್ತೆಗೆ ಹೊಸ ಡಾಂಬರು ಹಾಕೋದು ದಂಡ. 2014ರಿಂದ 2017ರವರೆಗೆ ಸರ್ಕಾರ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ಕಡಿತ ಮಾಡುತ್ತಲೇ ಬಂತು. ದುಡ್ಡಿಲ್ಲದ ಕಡೆ ರಿಪೇರಿ ಬದಲು 'ರಸ್ತೆ ಹದಗೆಟ್ಟಿದೆ' ಅನ್ನೋ ಬೋರ್ಡ್ ನಿಲ್ಲುತ್ತೆ. ಆದರೆ ರಸ್ತೆ ಹೋದರೆ ಉಳಿದ ಹತ್ತು ಮನೆಯೂ ಹೋಗುತ್ತೆ. ಮುಂದಿನ ವರ್ಷ ನಮಗೆ ಟ್ರಾನ್ಸ್‌ಪೋರ್ಟೇಷನ್ ಪೇಪರ್‌ನಲ್ಲಿ ಗಂಟೆಗೆ ಎಷ್ಟು ವಾಹನ ಅಂತ ಎಣಿಸೋದು ಕಲಿಸ್ತಾರೆ. ದಿನಕ್ಕೆ ಹದಿನೈದೇ ವಾಹನ ಬಂದರೂ ಆ ಹದಿನೈದರಲ್ಲಿ ಯಾರಿದ್ದರು ಅಂತ ಕೇಳುವ ಕಾಲಂ ಅದರಲ್ಲಿ ಇರಬೇಕು ಅನ್ನೋದು ನಮ್ಮ ವಾದ.

ಇದು ದೂರದ ವಿಷಯ ಅಂತಲೂ ಅಲ್ಲ. ಬೆಂಗಳೂರಿನಿಂದ ಬಿಆರ್‌ಎಂ ರೈಡ್ ಮಾಡುವ ಹಲವರ ಕನಸು ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. ನಾಲ್ಕು ವರ್ಷಕ್ಕೊಮ್ಮೆ, 1,200 ಕಿ.ಮೀ.ಗೂ ಸ್ವಲ್ಪ ಹೆಚ್ಚು, ಗರಿಷ್ಠ 90 ಗಂಟೆ, ಹೆಚ್ಚಿನ ದಾರಿ ಇಂಥ ಡಿ ರಸ್ತೆಗಳೇ. ಹಳ್ಳಿಯವರು ರಾತ್ರಿಯಿಡೀ ಮನೆ ಮುಂದೆ ಮೇಜು ಹಾಕಿ ಕಾಫಿ, ಕ್ರೆಪ್ ಕೊಡ್ತಾರೆ.

ನಮ್ಮಲ್ಲಿ ಯಾರಾದರೂ ಇಂಟರ್ನ್‌ಶಿಪ್‌ಗೋ ಎಕ್ಸ್‌ಚೇಂಜ್‌ಗೋ ಅಲ್ಲಿಗೆ ಹೋದರೆ, ಪ್ಯಾರಿಸ್‌ನಿಂದ ತುಲೂಸ್ ಕಡೆಯ ರೈಲಿನಲ್ಲಿ ಲಾ ಸುತೆರೆನ್‌ನಲ್ಲಿ ಇಳೀರಿ, ಅದು ಕ್ರೂಜ್ ಜಿಲ್ಲೆಯೇ. ನೀರು ಖಾಲಿಯಾದರೆ ಊರ ಸ್ಮಶಾನ ಹುಡುಕಿ. ಹೂಗಿಡಕ್ಕೆ ಅಂತ ನಲ್ಲಿ ಇರುತ್ತೆ, ಕುಡಿಯಬಾರದು ಅನ್ನೋ ಬೋರ್ಡ್ ಇದೆಯಾ ಅಂತ ಮಾತ್ರ ನೋಡ್ಕೊಳ್ಳಿ. ಬ್ರೆಡ್, ಚೀಸ್ ಎಲ್ಲ ಸೂಪರ್‌ಮಾರ್ಕೆಟ್‌ನಿಂದ ಕಟ್ಟಿಕೊಂಡು ಹೋಗಬೇಡಿ, ಹಳ್ಳಿಯ ಬೇಕರಿ ತೆರೆದಿದ್ದರೆ ಅಲ್ಲೇ ಕೊಳ್ಳಿ. ಮಧ್ಯಾಹ್ನ 12ರೊಳಗೆ ಹೋಗಿ, ಆಮೇಲೆ ಊಟಕ್ಕೆ ಬಾಗಿಲು ಹಾಕ್ತಾರೆ.