‘ಮುಲ್ಲಾ’ ಅಂದರೆ ಗಡ್ಡ, ಟೋಪಿ ಅಷ್ಟೇನಾ?

ಗಡ್ಡ ಬಿಟ್ಟ ಹುಡುಗನೊಬ್ಬ ಟೋಪಿ ಹಾಕಿಕೊಂಡು ಕ್ಲಾಸಿಗೆ ಬಂದರೆ ಸಾಕು, ಹಿಂದಿನ ಬೆಂಚಿನಿಂದ ‘ಏನ್ ಮುಲ್ಲಾ!’ ಎಂಬ ಕೂಗು ಬರುತ್ತದೆ. ಕೂಗುವವರು ಹೊರಗಿನವರಲ್ಲ, ನಾವೇ. ಅವನೂ ನಗುತ್ತಾನೆ. ಆದರೆ ಸ್ವಲ್ಪ ದಿನದಲ್ಲಿ ಟೋಪಿ ಬ್ಯಾಗು ಸೇರಿ, ಝುಹರ್ ನಮಾಝಿಗೆ ಮಾತ್ರ ಹೊರಬರತೊಡಗುತ್ತದೆ.

ಈ ಪದ ಅರಬ್ಬಿಯ ‘ಮೌಲಾ’ದಿಂದ ಹುಟ್ಟಿ ಪಾರ್ಸಿ ಭಾಷೆಯ ಮೂಲಕ ನಮ್ಮ ಕಡೆ ಬಂದದ್ದು. ಮೌಲಾ ಎಂದರೆ ಒಡೆಯ, ಪೋಷಕ. ಆಪ್ತ ಎಂಬ ಅರ್ಥವೂ ಉಂಟು. ಮೌಲ್ವಿ, ಮೌಲಾನಾ ಕೂಡ ಅದೇ ಬೇರಿನವು. ಮೌಲಾನಾ ಎಂದರೆ ‘ನಮ್ಮ ಒಡೆಯ’. ನವೆಂಬರ್ 11ರ ರಾಷ್ಟ್ರೀಯ ಶಿಕ್ಷಣ ದಿನದಂದು ಅಬುಲ್ ಕಲಾಂ ಆಝಾದರ ಹೆಸರಿನ ಹಿಂದೆ ಮೌಲಾನಾ ಎಂದು ಗೌರವದಿಂದ ಬರೆಯುತ್ತೇವೆ. ಅದರ ಒಡಹುಟ್ಟಿದ ಪದ ಮಾತ್ರ ಅಣಕಕ್ಕೆ!

ವಿಜಯಪುರ, ಬೆಳಗಾವಿ ಕಡೆ ಮುಲ್ಲಾ ಎಂಬುದು ಮನೆತನದ ಅಡ್ಡಹೆಸರು. ಅಲ್ಲಿನ ಹಳ್ಳಿಗಳಲ್ಲಿ ಮುಲ್ಲಾ ನಿಕಾಹ್ ಓದಿಸುತ್ತಿದ್ದ, ಮಕ್ಕಳಿಗೆ ಕುರ್‌ಆನ್ ಕಲಿಸುತ್ತಿದ್ದ. ಕುರಿ ಕೊಯ್ಯಲು ಹಿಂದೂಗಳೂ ಅವನನ್ನೇ ಕರೆಯುತ್ತಿದ್ದರು. ಊರಿಗೆಲ್ಲ ಬೇಕಾದ ಮನುಷ್ಯ. ಇನ್ನು ಹಿಂದೂ ಕಾನೂನು, ಮುಸ್ಲಿಂ ಕಾನೂನು ಎರಡರ ಮೇಲೂ ಪುಸ್ತಕ ಬರೆದ ಮುಂಬಯಿಯ ಸರ್ ದಿನ್ಶಾ ಮುಲ್ಲಾ ಮುಸ್ಲಿಮರೇ ಅಲ್ಲ, ಪಾರ್ಸಿ. (ಮುಂದೆ ಎಲ್‌ಎಲ್‌ಬಿ ಓದುವವರು ಈ ಹೆಸರಿನಿಂದ ತಪ್ಪಿಸಿಕೊಳ್ಳಲಾರಿರಿ.)

ಪದಗಳ ಅರ್ಥ ಬದಲಾಗುತ್ತದೆ, ಅದಕ್ಕೇಕೆ ಇಷ್ಟು ಬೇಸರ ಎಂದು ಕೇಳಬಹುದು. ನಿಜ. ‘ಗುರು’ ಪದವನ್ನೇ ನೋಡಿ. ಯಲಹಂಕದ ಆಟೋ ಸ್ಟ್ಯಾಂಡಿನಲ್ಲಿ ‘ಏನ್ ಗುರೂ’ ಎಂದರೆ ಯಾರೂ ಪಾಠ ಹೇಳಲು ಬರುವುದಿಲ್ಲ. ಆದರೆ ಗುರು ಸಲುಗೆಯ ಮಾತಾಯಿತು, ಎದುರಿಗಿದ್ದವನನ್ನು ಹತ್ತಿರ ಕರೆಯುತ್ತದೆ. ಮುಲ್ಲಾ ಹಾಗಲ್ಲ, ದೂರ ನಿಲ್ಲಿಸುತ್ತದೆ. ಬಸ್ಸಿನಲ್ಲಿ ಅಪರಿಚಿತರು ಇದೇ ಪದ ಎಸೆದರೆ ನಮಗೆ ರಕ್ತ ಕುದಿಯುತ್ತದೆ. ಕ್ಯಾಂಟೀನಿನಲ್ಲಿ ನಾವೇ ಎಸೆದರೆ ತಮಾಷೆ. ನನಗಂತೂ ಈ ಎರಡರ ನಡುವೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ‘ಮುಲ್ಲಾನ ಓಟ ಮಸೀದಿ ತನಕ’ ಎಂಬ ಗಾದೆಯೂ ನಮ್ಮ ಮನೆಮಾತಾದ ಉರ್ದುವಿನದ್ದೇ ತಾನೆ?

ಹೆಬ್ಬಾಳದಿಂದ ಹೊರವರ್ತುಲ ರಸ್ತೆಯಲ್ಲಿ ನಾಗವಾರಕ್ಕೆ ಹೋದವರಿಗೆ ‘ಅರೇಬಿಕ್ ಕಾಲೇಜ್’ ಎಂಬ ಹೆಸರು ಗೊತ್ತಿರುತ್ತದೆ. ದಾರುಲ್ ಉಲೂಮ್ ಸಬೀಲುರ್ರಶಾದ್ ಇರುವುದರಿಂದ ಆ ಜಾಗಕ್ಕೇ ಆ ಹೆಸರು ಬಿದ್ದಿದೆ. ಇಂಥ ಮದರಸಾಗಳಲ್ಲಿ ಅರಬ್ಬಿ ವ್ಯಾಕರಣ, ಹದೀಸ್, ಫಿಕ್ಹ್ ಎಂದು ಹಲವು ವರ್ಷ ಓದಿದ ಮೇಲೆಯೇ ಆಲಿಮ್ ಎನಿಸಿಕೊಳ್ಳುವುದು. ಗಡ್ಡಕ್ಕೆ ಅಷ್ಟು ಕಾಲ ಬೇಡ. ನಮ್ಮ ಪಿಸಿಎಂಬಿ ಗೆಳೆಯ ಆ ಓದು ಓದಿಲ್ಲ, ಓದಿದ್ದೇನೆಂದು ಹೇಳಿಕೊಂಡೂ ಇಲ್ಲ. ಅವನು ಟೋಪಿ ಹಾಕಿದ್ದಾನೆ, ಅಷ್ಟೇ. ನಾಳೆ ಅವನನ್ನು ಹೆಸರು ಹಿಡಿದು ಕರೆಯೋಣ.