ಟ್ಯೂಬ್ ಡ್ಯಾಕ್ ಕಾರ್ಟ್‌ಗೆ ಹಾಕೋ ಮುಂಚೆ

ಬೋನಸ್ ಬಂದ ವಾರ ಟೀಮಿನ ಗೆಳೆಯನೊಬ್ಬ ಲಿಂಕ್ ಕಳಿಸಿದ. ಕಪ್ಪು ಪೆಟ್ಟಿಗೆ, ಮೇಲೆ ಕಿತ್ತಳೆ ಬೆಳಕು ಚೆಲ್ಲುವ ಎರಡು ಗಾಜಿನ ವಾಲ್ವ್. ಟ್ಯೂಬ್ ಡ್ಯಾಕ್. ಬೆಲೆ ನಲವತ್ತು ಸಾವಿರದ ಆಸುಪಾಸು. ‘ಡಿಜಿಟಲ್ ಸೌಂಡ್‌ನ ಒರಟುತನ ಹೋಗುತ್ತಂತೆ, ತಗೊಳ್ಳಲಾ?’ ಅಂತ ಪ್ರಶ್ನೆ. ಅವನ ಮನೆಯಲ್ಲಿ ಇರೋದು ಟಿವಿ ಜೊತೆ ಬಂದ ಸೌಂಡ್‌ಬಾರ್.

ಮೊದಲು ಒಂದು ಮಾತು. ಫೋನಿನಿಂದ ಬರೋ ಸೊನ್ನೆ-ಒಂದುಗಳನ್ನು ಸಂಗೀತ ಮಾಡೋದು ವಾಲ್ವ್ ಅಲ್ಲ. ಆ ಕೆಲಸ ಒಳಗಿರುವ ಚಿಕ್ಕ ಚಿಪ್‌ನದು, ಸಾಧಾರಣ ಡ್ಯಾಕ್‌ನಲ್ಲಿರೋ ಥರದ್ದೇ. ವಾಲ್ವ್ ಕೂರೋದು ಅದಾದ ಮೇಲೆ, ಔಟ್‌ಪುಟ್ ಹಂತದಲ್ಲಿ. ರೆಕಾರ್ಡಿಂಗ್‌ನಲ್ಲಿ ಇಲ್ಲದ ವಿವರವನ್ನು ಅದು ತಂದುಕೊಡಲಾರದು, ತನ್ನದೊಂದು ಬಣ್ಣ ಸೇರಿಸಬಲ್ಲದು ಅಷ್ಟೇ.

ಆ ಬಣ್ಣ ಸುಳ್ಳೇನಲ್ಲ. ಟ್ರಯೋಡ್ ವಾಲ್ವ್ ಸೇರಿಸುವ ಡಿಸ್ಟಾರ್ಷನ್‌ನಲ್ಲಿ ಎರಡನೇ ಹಾರ್ಮೋನಿಕ್ ಜಾಸ್ತಿ. 220 ಹರ್ಟ್ಸ್ ಸ್ವರಕ್ಕೆ ಸಣ್ಣಗೆ 440 ಹರ್ಟ್ಸ್ ಸೇರುತ್ತದೆ. ಅಂದರೆ ಸಾ ಹಾಡಿದರೆ ಮೇಲಿನ ಸ್ಥಾಯಿಯ ಸಾ ಜೊತೆಗೂಡಿದ ಹಾಗೆ. ಕಿವಿಗೆ ಅದು ತಪ್ಪು ಅನ್ನಿಸದೆ ತುಂಬಿದ ದನಿ ಅನ್ನಿಸುತ್ತದೆ. ಚೆನ್ನಾಗಿ ವಿನ್ಯಾಸ ಮಾಡಿದ ವಾಲ್ವ್ ಹಂತದಲ್ಲಿ ಇದೂ ಎಷ್ಟು ಕಡಿಮೆ ಅಂದರೆ ಬಹಳ ಸಲ ಗೊತ್ತೇ ಆಗೋದಿಲ್ಲ!

‘ಅಜ್ಜನ ರೇಡಿಯೋ ಎಷ್ಟು ಮೃದುವಾಗಿತ್ತು’ ಅನ್ನೋರಿಗೆ ಇನ್ನೊಂದು ಸಂಗತಿ. ಮೀಡಿಯಂ ವೇವ್‌ನಲ್ಲಿ ಧಾರವಾಡ ಆಕಾಶವಾಣಿ ಕೇಳುವಾಗ ಸುಮಾರು 5 ಕಿಲೋಹರ್ಟ್ಸ್ ಮೇಲಿನ ಸದ್ದು ಬಹುಪಾಲು ಬರುತ್ತಲೇ ಇರಲಿಲ್ಲ. ಸಿ.ಡಿ. 20 ಕಿಲೋಹರ್ಟ್ಸ್‌ವರೆಗೂ ಕೊಡುತ್ತದೆ. ಆ ಮೃದುತ್ವದಲ್ಲಿ ದೊಡ್ಡ ಪಾಲು ಕತ್ತರಿಸಿದ ಮೇಲ್ದನಿಯದ್ದು, ಮರದ ಪೆಟ್ಟಿಗೆಯದ್ದು. ವಾಲ್ವ್‌ಗೆ ಹೆಸರು ಬಂತು.

ಇಷ್ಟಾದರೂ ಬೇಕೇ ಬೇಕು ಅಂದರೆ, ವಾಲ್ವ್‌ಗೆ ಎಷ್ಟು ವೋಲ್ಟೇಜ್ ಸಿಗುತ್ತದೆ ಅಂತ ಕೇಳಿ. ಇಸಿಸಿ82 ಡೇಟಾಶೀಟ್ ಆನೋಡ್‌ಗೆ 100, 250 ವೋಲ್ಟ್ ಲೆಕ್ಕ ಕೊಡುತ್ತದೆ. ಅಗ್ಗದ ಕೆಲವು ಪೆಟ್ಟಿಗೆಗಳು 12 ವೋಲ್ಟ್ ಅಡಾಪ್ಟರ್‌ನಿಂದಲೇ ನೇರ ಓಡಿಸುತ್ತವೆ. ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇದ್ದರೆ ಸರಿ, ಇಲ್ಲದಿದ್ದರೆ ವಾಲ್ವ್ ಅರೆಹೊಟ್ಟೆಯಲ್ಲಿ ದುಡಿದಂತೆ. ಇನ್ನು ಕೆಲವದರಲ್ಲಿ ಆ ಚಂದದ ಕಿತ್ತಳೆ ಬೆಳಕು ಕೆಳಗಿಟ್ಟ ಎಲ್‌ಇಡಿಯದ್ದು. ಇದು ಮಾತ್ರ ನನಗೆ ತೀರಾ ಕೋಪ ತರಿಸುತ್ತದೆ.

ಬದಲಿ ವಾಲ್ವ್ ಸಿಗುತ್ತದಾ ಅನ್ನೋದೂ ಮುಖ್ಯ, ಯಾಕೆಂದರೆ ವಾಲ್ವ್ ಸವೆಯುವ ಭಾಗ. ಒಂದು ಕಾಲಕ್ಕೆ ನಮ್ಮ ಬೆಂಗಳೂರಿನ ಬಿಇಎಲ್ ರೇಡಿಯೋ ವಾಲ್ವ್ ಮಾಡುತ್ತಿತ್ತು. ಈಗ ಹೊಸವು ಬರೋದು ಹೆಚ್ಚಾಗಿ ರಷ್ಯಾ, ಸ್ಲೊವಾಕಿಯಾ, ಚೀನಾದಿಂದ. ಸಾಕೆಟ್‌ಗೆ ಕೂತಿತು ಅಂತ ಸಿಕ್ಕಿದ್ದು ಚುಚ್ಚಬೇಡಿ. 6922, ಇಸಿಸಿ82 ಎರಡಕ್ಕೂ ಒಂಬತ್ತೇ ಪಿನ್, ಆದರೆ ವೈರಿಂಗ್ ಬೇರೆ.

ವಾಲ್ವ್ ಬದಿಗಿಟ್ಟು ಕೇಳುವ ಬೈಪಾಸ್ ಸ್ವಿಚ್ ಇರೋ ಮಾಡೆಲ್ ಸಿಕ್ಕರೆ ಅದನ್ನೇ ಆರಿಸಿ. ಹೋಲಿಸುವಾಗ ಎರಡೂ ಕಡೆ ಸದ್ದಿನ ಮಟ್ಟ ಒಂದೇ ಇರಲಿ: ಟೆಸ್ಟ್ ಟೋನ್ ಹಾಕಿ ಔಟ್‌ಪುಟ್‌ಗೆ ಮಲ್ಟಿಮೀಟರ್ ಹಿಡಿದರೆ ಆಯಿತು. ಅರ್ಧ ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನು ‘ಜೋರು’ ಅನ್ನೋದಿಲ್ಲ, ‘ಚೆನ್ನಾಗಿದೆ’ ಅನ್ನುತ್ತದೆ. ಅಂಗಡಿಯ ಡೆಮೋದಲ್ಲಿ ಎಷ್ಟೋ ಪೆಟ್ಟಿಗೆ ಮಾರಾಟವಾಗೋದು ಹೀಗೆ.

ಗೆಳೆಯನಿಗೆ ನಾನು ಹೇಳಿದ್ದು: ನಲವತ್ತರಲ್ಲಿ ಮೂವತ್ತಕ್ಕೂ ಹೆಚ್ಚು ಸ್ಪೀಕರ್, ಆಂಪ್‌ಗೆ ಹಾಕು, ಉಳಿದದ್ದರಲ್ಲಿ ವಾಲ್ವ್ ಇಲ್ಲದ ಸಣ್ಣ ಡ್ಯಾಕ್ ತಗೋ. ಟ್ಯೂಬ್ ಮುಂದಿನ ಬೋನಸ್‌ಗೆ. ತಗೊಂಡಾಗ ಮುಚ್ಚಿದ ಟಿವಿ ಯೂನಿಟ್ ಒಳಗೆ ಇಡಬೇಡ, ಅದು ನಿಜಕ್ಕೂ ಕಾಯುತ್ತದೆ.