ಒಕ್ಕೂಟದ ಬಾಗಿಲೂ ಕಾವಲುಗಾರರೂ

ಯೂರೋಪಿನ ಒಕ್ಕೂಟವನ್ನು ಸೇರಬಯಸುವ ರಾಷ್ಟ್ರಗಳಿಗೆ ಕಾನೂನು ವಿಧಿಸಿರುವ ಮಿತಿಗಳಾವುವು, ಕಾನೂನಿನ ಮರೆಯಲ್ಲಿ ನೆರೆಯವರು ವಿಧಿಸುವ ಮಿತಿಗಳಾವುವು ಎಂಬ ಭೇದವನ್ನು ವಿಚಾರವಂತರು ಅವಶ್ಯವಾಗಿ ಗಮನಿಸತಕ್ಕದ್ದು. ಉತ್ತರ ಮ್ಯಾಸಿಡೋನಿಯವೆಂಬ ಸಣ್ಣ ದೇಶದ ಅನುಭವವು ಇದಕ್ಕೆ ಕನ್ನಡಿಯಂತಿದೆ.

ಒಕ್ಕೂಟದ ಮೂಲ ಕರಾರಿನ 49ನೆಯ ವಿಧಿಯಲ್ಲಿ ಹೇಳಿರುವುದು ಸ್ವಲ್ಪವೇ. ಅರ್ಜಿದಾರ ರಾಷ್ಟ್ರವು ಯೂರೋಪಿಗೆ ಸೇರಿದುದಾಗಿರಬೇಕು. ಪ್ರಜಾಪ್ರಭುತ್ವ, ನ್ಯಾಯಪಾಲನೆ, ಅಲ್ಪಸಂಖ್ಯಾತರ ಹಕ್ಕು ಮೊದಲಾದ ತತ್ತ್ವಗಳನ್ನು ಗೌರವಿಸಬೇಕು. ಯೂರೋಪಿನದಲ್ಲವೆಂಬ ಕಾರಣದಿಂದಲೇ 1987ರಲ್ಲಿ, ಒಕ್ಕೂಟದ ಪೂರ್ವರೂಪವಾದ ಸಮುದಾಯದ ಕಾಲದಲ್ಲಿ, ಮೊರಾಕೋ ದೇಶದ ಅರ್ಜಿಯು ತಿರಸ್ಕೃತವಾಯಿತು. 1993ರಲ್ಲಿ ಕೋಪನ್‌ಹೇಗನ್ನಿನಲ್ಲಿ ನೆರೆದ ನಾಯಕರು ಸ್ಥಿರವಾದ ಆಡಳಿತಸಂಸ್ಥೆಗಳು, ಪೈಪೋಟಿಯನ್ನು ತಾಳಬಲ್ಲ ಅರ್ಥವ್ಯವಸ್ಥೆ, ಸದಸ್ಯತ್ವದ ಹೊಣೆಯನ್ನು ಹೊರುವ ಶಕ್ತಿ ಎಂಬ ಲಕ್ಷಣಗಳನ್ನು ಗೊತ್ತುಮಾಡಿದರು. ಹೊಸಬರನ್ನು ಅರಗಿಸಿಕೊಳ್ಳಲು ಒಕ್ಕೂಟಕ್ಕೆ ಶಕ್ತಿಯುಂಟೇ ಎಂಬುದನ್ನೂ ನೋಡಬೇಕೆಂದರು.

ಇಷ್ಟೆಲ್ಲ ಪೂರೈಸಿದರೂ ಪ್ರವೇಶವು ಹಕ್ಕಾಗುವುದಿಲ್ಲ. ಸದಸ್ಯರಾಷ್ಟ್ರಗಳ ಮಂತ್ರಿಮಂಡಲಿಯು ಸರ್ವಾನುಮತದಿಂದ ಒಪ್ಪಬೇಕು. ಯೂರೋಪಿನ ಪಾರ್ಲಿಮೆಂಟು ಬಹುಮತದಿಂದ ಸಮ್ಮತಿಸಬೇಕು. ಕೊನೆಗೆ 27 ರಾಷ್ಟ್ರಗಳೂ ಪ್ರವೇಶದ ಕರಾರನ್ನು ತಮ್ಮ ತಮ್ಮ ರಾಜ್ಯಾಂಗಕ್ಕನುಸಾರವಾಗಿ ಸ್ಥಿರೀಕರಿಸಬೇಕು. ಪ್ರವೇಶದ ಷರತ್ತುಗಳನ್ನು ತಾನು ಮುಂದಾಗಿಯೇ ನಿರ್ಣಯಿಸಲಾಗದೆಂದು ಅಲ್ಲಿನ ನ್ಯಾಯಾಲಯವೂ 1978ರಲ್ಲಿ ತೀರ್ಪಿತ್ತಿದೆ. ಆದುದರಿಂದ ಬಾಗಿಲಿನ ಕೀಲಿಯು ರಾಷ್ಟ್ರಗಳ ಕೈಯಲ್ಲಿಯೇ ಉಳಿದಿದೆ.

ಮ್ಯಾಸಿಡೋನಿಯವು 2004ರಲ್ಲಿ ಅರ್ಜಿ ಸಲ್ಲಿಸಿತು, ಮರುವರ್ಷವೇ ಉಮೇದುವಾರನೆನಿಸಿತು. ತನ್ನ ಪ್ರಾಂತವೊಂದರ ಹೆಸರನ್ನು ಅದು ಇಟ್ಟುಕೊಂಡಿದೆಯೆಂದು ಗ್ರೀಸ್ ಅಡ್ಡಿಮಾಡಿತು. 2018ರ ಪ್ರೆಸ್ಪಾ ಒಪ್ಪಂದದಂತೆ 2019ರಲ್ಲಿ ಆ ದೇಶವು ತನ್ನ ಹೆಸರನ್ನೇ ಬದಲಿಸಿಕೊಂಡಿತು. ಅದೇ ವರ್ಷ ಫ್ರಾನ್ಸ್ ಬೇಡವೆಂದಿತು. 2020ರಲ್ಲಿ ಭಾಷೆ ಮತ್ತು ಚರಿತ್ರೆಯ ವಿವಾದವನ್ನೆತ್ತಿ ಬಲ್ಗೇರಿಯ ತಡೆಯಿತು. 2022ರಲ್ಲಿ ಮಾತುಕತೆಯು ಆರಂಭವಾದಾಗಲೂ ರಾಜ್ಯಾಂಗದಲ್ಲಿ ಬಲ್ಗೇರಿಯನ್ನರನ್ನು ಹೆಸರಿಸಬೇಕೆಂಬ ಷರತ್ತು ಬೆನ್ನಿಗಂಟಿಕೊಂಡಿತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಸ್ವಾಭಿಮಾನವುಳ್ಳ ಜನಾಂಗವೊಂದು ತನ್ನ ಹೆಸರನ್ನು ತೆತ್ತೂ ಹೊಸ್ತಿಲ ಹೊರಗೆ ನಿಲ್ಲಬೇಕಾಗಿ ಬಂದುದು ವಿಷಾದಕರವೇ ಸರಿ.

ಸರ್ವಾನುಮತದ ನಿಯಮವೇ ಅನ್ಯಾಯವೆಂದು ನಾವು ಹೇಳುವುದಿಲ್ಲ. ಹೊಸ ಸದಸ್ಯನು ಎಲ್ಲರ ಬೊಕ್ಕಸದಲ್ಲಿಯೂ ಎಲ್ಲರ ಶಾಸನದಲ್ಲಿಯೂ ಪಾಲುಗಾರನಾಗುತ್ತಾನೆ. ಇಷ್ಟವಿಲ್ಲದವರ ಮೇಲೆ ಅವನನ್ನು ಹೇರುವುದು ಒಕ್ಕೂಟದ ಧರ್ಮವಲ್ಲ. ಒಳಗೆ ಬಂದ ಬಳಿಕ ತಪ್ಪಿ ನಡೆದವರನ್ನು ಹೊರಗೆ ಹಾಕಲು ಕರಾರಿನಲ್ಲಿ ಅವಕಾಶವಿಲ್ಲವಾದುದರಿಂದ ಬಾಗಿಲಲ್ಲಿ ಎಚ್ಚರಿಕೆಯು ನ್ಯಾಯವೇ. ಆದರೆ ಈ ಅಧಿಕಾರವು ಕೊನೆಯ ಒಪ್ಪಿಗೆಗೆ ಮೀಸಲಾಗಿರಬೇಕು. ಮಾತುಕತೆಯ ಒಂದೊಂದು ಅಧ್ಯಾಯವನ್ನು ತೆರೆಯುವಾಗಲೂ ಮುಚ್ಚುವಾಗಲೂ ಎಲ್ಲರ ಒಪ್ಪಿಗೆ ಬೇಕೆಂಬುದು ರೂಢಿಯೇ ಹೊರತು, 49ನೆಯ ವಿಧಿಯಲ್ಲಿ ಆ ಮಜಲುಗಳ ಮಾತೇ ಇಲ್ಲ. ಅವುಗಳನ್ನು ವಿಶೇಷ ಬಹುಮತಕ್ಕೆ ಬಿಡುವುದೂ, ಗಡಿ ಮತ್ತು ಚರಿತ್ರೆಯ ಜಗಳಗಳನ್ನು ಬೇರೆ ಪಂಚಾಯಿತಿಗೆ ಒಪ್ಪಿಸುವುದೂ ಯುಕ್ತ.

ಷರತ್ತುಗಳು ಕಠಿಣವಾಗಿರಲಿ, ಚಿಂತೆಯಿಲ್ಲ. ಆದರೆ ಅವು ಮೊದಲು ತಿಳಿಸಿದವಾಗಿರಬೇಕು, ಎಲ್ಲರಿಗೂ ಒಂದೇ ಆಗಿರಬೇಕು. ಪರೀಕ್ಷೆ ಮುಗಿದ ಮೇಲೆ ಹೊಸ ಪ್ರಶ್ನೆ ಕೇಳುವ ಪರೀಕ್ಷಕನಲ್ಲಿ ಯಾರಿಗೂ ವಿಶ್ವಾಸವುಳಿಯದು. ವಿಶ್ವಾಸವು ಹೋದ ಮೇಲೆ ಒಕ್ಕೂಟದ ಬಾಗಿಲು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ.